ಐದು ದಿನ ನನ್ನ ಬಳಿಯೇ ಇದ್ದ ಉತ್ತರ

ಆಗ ನಾನು ವಾರಕ್ಕೆ ಮೂರು ದಿನ ಲಸಿಕೆ ಒಯ್ಯುವಂಥ ನೀಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಸೋಮವಾರ ಆಳಂದ, ಬುಧವಾರ ಅಫಜಲಪುರ, ಶುಕ್ರವಾರ ಜೇವರ್ಗಿ. ಅಲ್ಲಿನ ಆಸ್ಪತ್ರೆಗಳಲ್ಲಿ ಆಪರೇಷನ್ ಆದವರ ಗಾಯದಿಂದ ಹತ್ತಿಕಡ್ಡಿಯಲ್ಲಿ ಕೀವು ತೆಗೆದು, ಮಧ್ಯಾಹ್ನದೊಳಗೆ ಕಲಬುರಗಿಯ ಲ್ಯಾಬಿಗೆ ತಲುಪಿಸಬೇಕು. ಅದರಲ್ಲಿ ಯಾವ ರೋಗಾಣು ಬೆಳೆಯುತ್ತದೆ, ಯಾವ ಔಷಧಕ್ಕೆ ಅದು ಬಗ್ಗುವುದಿಲ್ಲ ಎಂದು ನೋಡುವುದು ನನ್ನ ಸಂಶೋಧನೆ. ಒಮ್ಮೆ ಕಂಡಕ್ಟರು ಪೆಟ್ಟಿಗೆಯನ್ನು ನೋಡಿ, "ಐಸ್‌ಕ್ರೀಮ್ ಏನ್ರಿ ಮೇಡಂ?" ಎಂದು ಕೇಳಿದ. ಕೀವು ಎಂದೆ. ಮುಂದೆ ಆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಹೆಚ್ಚಾಗಿ ಖಾಲಿಯೇ ಇರುತ್ತಿತ್ತು.

ನಾನು ಹೇಳಹೊರಟಿರುವುದು ಈ ಮೂರು ತಾಲೂಕುಗಳಲ್ಲೊಂದರ ಸಣ್ಣ ಖಾಸಗಿ ಆಸ್ಪತ್ರೆಯ ವಿಷಯ. ಯಾವ ತಾಲೂಕು ಎಂದು ಹೇಳುವುದಿಲ್ಲ. ಎಂಟು ಹಾಸಿಗೆ, ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ಮತ್ತೆ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವ ಒಬ್ಬ ಹಿರಿಯ ಹೆಂಗಸು. ಅವರನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಗಾಯ ಬಿಚ್ಚುವಾಗ ಮಾವಶಿ ಬಾಣಂತಿಯರನ್ನು ಮಾತಿಗೆಳೆಯುತ್ತಿದ್ದರು. ಊರು ಯಾವುದು, ತೊಗರಿ ಹೂವು ಹಿಡಿದಿದೆಯೋ ಇಲ್ಲವೋ ಎಂದು ವಿಚಾರಿಸುವಷ್ಟರಲ್ಲಿ ಪಟ್ಟಿ ಬಿಚ್ಚಿ ಆಗಿರುತ್ತಿತ್ತು. ಅವರ ಕೈ ಅಷ್ಟು ಹಗುರ.

ಅಲ್ಲಿ ಕಿಟಕಿಯ ಬದಿಯ ಹಾಸಿಗೆಯಲ್ಲಿ ಒಬ್ಬ ಬಾಣಂತಿ ಇದ್ದಳು. ಇಪ್ಪತ್ತರ ಆಸುಪಾಸು, ಚೊಚ್ಚಲ ಹೆರಿಗೆ, ಸಿಜೇರಿಯನ್. ಒಂಬತ್ತನೆಯ ದಿನ ಹೊಲಿಗೆ ಬಿಟ್ಟುಕೊಂಡಿತ್ತು. ಕೂಸನ್ನು ಊರಲ್ಲಿ ನಾದಿನಿಯ ಕೈಗೆ ಕೊಟ್ಟು, ಅತ್ತೆ ಸೊಸೆಯ ಜೊತೆ ಉಳಿದಿದ್ದಳು. ನಾನು ಕಡ್ಡಿ ಹಿಡಿದು ಬಗ್ಗಿದಾಗ ಹುಡುಗಿ ಕಣ್ಣು ಮುಚ್ಚಿಕೊಂಡಳು.

"ಗಾಯ ಮಾಯವಲ್ದು ಯವ್ವಾ," ಎಂದಳು ಅತ್ತೆ. "ದಿನಾ ಎರಡ್ ಸೂಜಿ ಮಾಡಾಕತ್ತಾರ. ಇದು ನೋಡಿದ್ರ ತಿಳಿತದೇನು?"

"ತಿಳಿತದ," ಎಂದೆ. ಕಡ್ಡಿಯನ್ನು ಕೊಳವೆಯಲ್ಲಿ ಹಾಕಿ, ಹೆಸರಿನ ಬದಲು ಒಂದು ಸಂಖ್ಯೆ ಬರೆದು, ಬಸ್ಸು ಹಿಡಿದೆ.

ಮರುದಿನ ಪ್ಲೇಟಿನ ಮುಚ್ಚಳ ತೆಗೆದಾಗ ಹಸಿರು ಛಾಯೆ ಕಂಡಿತು. ಅತಿಯಾಗಿ ಹಣ್ಣಾದ ದ್ರಾಕ್ಷಿಯ ವಾಸನೆ. ಯಾವ ರೋಗಾಣು ಎನ್ನುವುದಕ್ಕೆ ಬೇರೆ ಪರೀಕ್ಷೆ ಬೇಕೇ ಇರಲಿಲ್ಲ, ಆದರೂ ಮಾಡಿದೆ. ಅದು ಒದ್ದೆ ಇರುವಲ್ಲೆಲ್ಲ ಬದುಕುತ್ತದೆ: ನಲ್ಲಿ, ಬಕೆಟ್ಟು, ಹೂದಾನಿ. ಬೇರೆ ಪ್ಲೇಟಿನಲ್ಲಿ ಅದನ್ನು ಹರಡಿ, ಮೇಲೆ ಔಷಧ ಹೀರಿಸಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಟ್ಟೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ತಿಳಿಯಾದ ಉಂಗುರ ಉಳಿಯುತ್ತದೆ. ಅದರ ಮರುದಿನ ನೋಡಿದರೆ, ಹನ್ನೆರಡು ಬಿಲ್ಲೆಗಳಲ್ಲಿ ಎರಡಕ್ಕೆ ಮಾತ್ರ ಉಂಗುರ. ಉಳಿದ ಹತ್ತರ ಅಂಚಿನವರೆಗೂ ರೋಗಾಣು ಬೆಳೆದು ನಿಂತಿತ್ತು.

ನನ್ನ ಕೆಲಸಕ್ಕೆ ಇದು ಒಳ್ಳೆಯ ಮಾದರಿ. ಖುಷಿಯಾಯಿತು ಎಂದೇ ಹೇಳಬೇಕು. ಉಂಗುರಗಳನ್ನು ಅಳೆದು ದಾಖಲಿಸಿ, ರೋಗಾಣುವನ್ನು ಫ್ರೀಜರಿನಲ್ಲಿ ಇಟ್ಟೆ. ಸಂಶೋಧನೆ ಮುಗಿಯುವವರೆಗೆ ಫಲಿತಾಂಶವನ್ನು ಆಸ್ಪತ್ರೆಗಳಿಗೆ ಕೊಡುವುದು ನಮ್ಮ ಯೋಜನೆಯಲ್ಲಿ ಇರಲಿಲ್ಲ. ಡಾಕ್ಟರುಗಳು ಅವರವರ ಪರೀಕ್ಷೆಯನ್ನು ಅವರೇ ಮಾಡಿಸುತ್ತಾರೆ ಎಂದು ನಾವು ಅಂದುಕೊಂಡಿದ್ದೆವು. ಆ ಊರಲ್ಲಿ ಅಂಥ ಪರೀಕ್ಷೆ ಮಾಡುವ ಲ್ಯಾಬ್ ಇದೆಯೇ ಎಂದು ನಾನು ಕೇಳಿರಲಿಲ್ಲ. ಇರಲಿಲ್ಲ.

ಮುಂದಿನ ವಾರ ಹೋದಾಗ ಹುಡುಗಿಗೆ ಜ್ವರ. ಮುಖ ಇಳಿದುಹೋಗಿತ್ತು. ಅತ್ತೆ ಎದ್ದು ನನಗೆ ಸ್ಟೂಲು ಕೊಟ್ಟಳು.

"ಹೋದ ವಾರ ಒಯ್ದಿದ್ದಿಯಲ್ಲ ಯವ್ವಾ, ಏನ್ ಬಂತು ಅದರಾಗ?"

"ನೋಡಾಕತ್ತೇವಿ," ಎಂದೆ. ಅದು ಸುಳ್ಳು. ಮಾತು ತಪ್ಪಿಸಲು ಹಾಸಿಗೆಯ ಕಾಲ ಬಳಿ ತೂಗುಹಾಕಿದ್ದ ಚಾರ್ಟನ್ನು ಕೈಗೆ ತೆಗೆದುಕೊಂಡೆ. ದಿನಕ್ಕೆರಡು ಸಲ ಕೊಡುತ್ತಿದ್ದ ಇಂಜೆಕ್ಷನ್ನಿನ ಹೆಸರು ಅದರಲ್ಲಿತ್ತು. ಉಂಗುರ ಇಲ್ಲದ ಹತ್ತು ಬಿಲ್ಲೆಗಳಲ್ಲಿ ಅದೂ ಒಂದು.

ವರಾಂಡದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಆಮೇಲೆ ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಚೀಟಿಯ ಹಿಂಬದಿಯಲ್ಲಿ ಉಂಗುರ ಬಂದಿದ್ದ ಎರಡೂ ಔಷಧಗಳ ಹೆಸರು ಬರೆದುಕೊಂಡರು. ಪೆನ್ನು ಕೆಳಗಿಟ್ಟು ಕೇಳಿದರು:

"ನಿಮಗ ಇದು ಯಾವಾಗ ಗೊತ್ತಾತ್ರಿ?"

"ಐದು ದಿನ ಆತ್ರಿ."

ಅವರು ಔಷಧದಂಗಡಿಗೆ ಫೋನ್ ಮಾಡಿದರು. ಎರಡರಲ್ಲಿ ಒಂದು ಊರಲ್ಲಿ ಸಿಗಲಿಲ್ಲ. ಇನ್ನೊಂದು ಮೂತ್ರಪಿಂಡಕ್ಕೆ ಭಾರವಾದದ್ದು. ಕಲಬುರಗಿಯಿಂದ ಮೊದಲನೆಯದನ್ನೇ ತರಿಸಿ, ಅಂದೇ ಸಂಜೆ ಶುರು ಮಾಡಿದರು.

ಹೊರಡುವ ಮುಂಚೆ ಇನ್ನೂ ಇಬ್ಬರು ಬಾಣಂತಿಯರ ಗಾಯ ನೋಡಿದೆ. ಪಟ್ಟಿಯ ಮೇಲೆ ಅದೇ ಹಸಿರು ಕಲೆ. ಹಾಗಿದ್ದರೆ ಇದು ಇಲ್ಲೇ ಎಲ್ಲೋ ಇದೆ. ಡಾಕ್ಟರ ಒಪ್ಪಿಗೆ ಪಡೆದು ನಲ್ಲಿ, ನೀರಿನ ಟ್ಯಾಂಕು, ಆಪರೇಷನ್ ಟೇಬಲ್ಲು, ಟ್ರೇ, ಎಲ್ಲರ ಕೈಬೆರಳು, ಎಲ್ಲದರಿಂದಲೂ ಮಾದರಿ ತೆಗೆದೆ. ಕೊನೆಗೆ ಡ್ರೆಸ್ಸಿಂಗ್ ಟ್ರಾಲಿಯ ಮೇಲಿನ ಕಂದು ಬಾಟಲಿ. ಗಾಯ ಒರೆಸುವ ಔಷಧದ ನೀರು ಅದರಲ್ಲಿತ್ತು. ರೋಗಾಣು ಕೊಲ್ಲುವ ದ್ರಾವಣ ಎಂದು ಅದನ್ನು ಬಿಡುವವಳಿದ್ದೆ. ಮಾವಶಿಯೇ, "ಇದನ್ನೂ ತಗೋರಿ, ಇದ್ಯಾಕ ಬಿಡ್ತೀರಿ?" ಎಂದರು.

ಬೆಳೆದದ್ದು ಅದರಲ್ಲೇ. ಅದೇ ಹಸಿರು, ಅದೇ ಎರಡು ಉಂಗುರ.

ಈ ಸಲ ಕಾಯಲಿಲ್ಲ. ಡಾಕ್ಟರಿಗೆ ಫೋನಿನಲ್ಲಿ ಹೇಳಿ, ಮರುದಿನ ಪ್ಲೇಟನ್ನು ಟೇಪಿನಿಂದ ಮುಚ್ಚಿ ತೆಗೆದುಕೊಂಡು ಹೋದೆ. ಮಾವಶಿಯನ್ನು ಡ್ರೆಸ್ಸಿಂಗ್ ಕೋಣೆಯಲ್ಲಿ ಕೂರಿಸಿ, ಬಾಟಲಿ ಹೇಗೆ ತುಂಬಿಸುತ್ತೀರಿ ಎಂದು ಕೇಳಿದೆ.

"ಖಾಲಿ ಆಗಾಕ ಬಿಡಂಗಿಲ್ರಿ ನಾ," ಎಂದರು. ದನಿಯಲ್ಲಿ ಹೆಮ್ಮೆಯಿತ್ತು. "ಅರ್ಧಕ್ಕ ಬಂತಂದ್ರ ಮ್ಯಾಲ ಔಷಧ ಹಾಕಿ, ನಳದ ನೀರು ಕೂಡಿಸಿ ತುಂಬಿಸೇ ಇಡ್ತೀನಿ. ಮೊದಲಿಂದ ಹಂಗ ಮಾಡ್ಕೋತ ಬಂದೀನ್ರಿ."

ತಳದ ಹಳೆಯ ನೀರು ಎಂದೂ ಹೊರಗೆ ಚೆಲ್ಲಿರಲಿಲ್ಲ. ಆ ತೆಳು ಔಷಧದಲ್ಲಿ ರೋಗಾಣು ಸಾಯದೆ ಒಗ್ಗಿಕೊಂಡಿತ್ತು. ನಾನು ಪ್ಲೇಟು ತೋರಿಸಿ ವಿವರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನನ್ನ ಬಾಟಲಿದೇನ್ರಿ?"

"ಹೌದ್ರಿ ಮಾವಶಿ."

"ಎಷ್ಟ್ ಮಂದಿಗೆ ಹತ್ತಿರಬೇಕ್ರಿ ನನ್ನ ಕೈಯಿಂದ?"

ಗೊತ್ತಿಲ್ಲ ಎಂದೆ. ಅದು ನಿಜ. ಹೀಗೆ ಮಾಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ ಎಂದೂ ಹೇಳಿದೆ. ಅದೂ ನಿಜ, ಆದರೆ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಎದ್ದು ಹೋಗಿ ಬಾಟಲಿಯನ್ನು ಮೋರಿಯಲ್ಲಿ ಖಾಲಿ ಮಾಡಿದರು. ಮೂರು ದಿನ ಕೆಲಸಕ್ಕೆ ಬರಲಿಲ್ಲವಂತೆ. ನಾಲ್ಕನೆಯ ದಿನ ನರ್ಸು ಮನೆಗೆ ಹೋಗಿ ಕರೆತಂದಳು. ಆಗಿನಿಂದ ಅಂಗಡಿಯಿಂದ ಬರುವ ಸಣ್ಣ ಸೀಲಿನ ಬಾಟಲಿ, ನೀರು ಕೂಡಿಸುವಂತಿಲ್ಲ, ಸಂಜೆ ಉಳಿದದ್ದನ್ನು ಚೆಲ್ಲಬೇಕು. "ಚೆಲ್ಲಾಕ ಕೈ ಬರವಲ್ದ್ರಿ," ಎನ್ನುತ್ತಿದ್ದರು ಮಾವಶಿ, ಆದರೂ ಚೆಲ್ಲುತ್ತಿದ್ದರು.

ಹುಡುಗಿಯ ಜ್ವರ ನಾಲ್ಕು ದಿನದಲ್ಲಿ ಇಳಿಯಿತು. ಗಾಯ ತುಂಬಲು ಇನ್ನೂ ಐದು ವಾರ ಹಿಡಿಯಿತು. ಆ ಹೊತ್ತಿಗೆ ಎದೆಹಾಲು ಬತ್ತಿ, ಕೂಸು ಪುಡಿಹಾಲಿಗೆ ಒಗ್ಗಿತ್ತು. ಉಳಿದ ಇಬ್ಬರೂ ಗುಣವಾದರು. ಹುಡುಗಿ ಮನೆಗೆ ಹೊರಟ ದಿನ ನಾನು ಅಲ್ಲಿದ್ದೆ. ಅತ್ತೆ ಗಂಟು ಕಟ್ಟುತ್ತಿದ್ದಾಗ, ಏನು ಬಂತೆಂದು ಕೇಳಿದಾಗಲೇ ಉತ್ತರ ನನ್ನ ಬಳಿ ಇತ್ತು, ಹೇಳದೆ ಇಟ್ಟುಕೊಂಡಿದ್ದೆ ಎಂದು ಅವಳಿಗೆ ಹೇಳಿದೆ. ಅವಳು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಆ ದಿನಾ ಭಾಳ ಉದ್ದ ಇದ್ದುವು ಯವ್ವಾ ನಮಗ," ಎಂದಳು. ಗಂಟು ಬಿಗಿದು, "ಈಗರೆ ಹೇಳಿದಿ," ಎಂದಳು. ಅದು ಕ್ಷಮೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ನಾನು ವಿಭಾಗದ ಮುಖ್ಯಸ್ಥರ ಮುಂದೆ ಕುಳಿತು, ಫಲಿತಾಂಶ ಬಂದ ದಿನವೇ ಆಸ್ಪತ್ರೆಗೆ ತಿಳಿಸಬೇಕು ಎಂದೆ. ನಡುವೆ ಚಿಕಿತ್ಸೆ ಬದಲಾದರೆ ಅಂಕಿಅಂಶ ಕೆಡುತ್ತದೆ ಎಂದರು ಅವರು. ಕೆಡಲಿ ಎಂದೆ. ಎರಡು ವಾರ ಯೋಚಿಸಿ ಒಪ್ಪಿದರು. ಆಮೇಲೆ ಬೆಳಗಿನ ನನ್ನ ಮೊದಲ ಕೆಲಸ ಫೋನ್ ಮಾಡುವುದಾಯಿತು. ಕೆಲವರು ಎತ್ತುತ್ತಾರೆ, ಕೆಲವರು ಎತ್ತುವುದಿಲ್ಲ, ಒಬ್ಬರು ಪ್ರತಿಸಲವೂ "ಆಗ್ಲೇ ಬದಲಿ ಮಾಡೀನ್ರಿ" ಎನ್ನುತ್ತಾರೆ. ಪ್ರಬಂಧ ಪ್ರಕಟವಾಯಿತು. ಕಂದು ಬಾಟಲಿಗೆ ಅದರಲ್ಲಿ ಒಂದು ಪ್ಯಾರಾ ಸಿಕ್ಕಿದೆ. ಆ ಐದು ದಿನದ ಬಗ್ಗೆ ಒಂದು ಸಾಲು ಬರೆದಿದ್ದೆ. ಪ್ರಕಟಣೆಗೆ ಮುಂಚೆ ಪರಿಶೀಲಿಸಿದವರು ಅದು ವಿಷಯಕ್ಕೆ ಸಂಬಂಧಪಡುವುದಿಲ್ಲ ಎಂದು ತೆಗೆಸಿದರು.