ಚಿಕ್ಕಮ್ಮನ ಜಾರುವ ಷಡ್ಜ

ಗೆರೆ ಎಳೆಯುವುದರಲ್ಲಿ ನಾನು ಶಾಲೆಯಿಂದಲೂ ದಡ್ಡ. ನಾನು ಬರೆದ ಮಾವಿನಕಾಯಿಗೆ ಡ್ರಾಯಿಂಗ್ ಮೇಷ್ಟ್ರು ಬದನೆಕಾಯಿಯೆಂದು ಅಂಕ ಕೊಟ್ಟಿದ್ದರು. ಅಂಥವನು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಸಾರಕ್ಕಿಯ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಮೌಸ್ ಹಿಡಿದು ಊರವರ ಶ್ರುತಿ ತಿದ್ದತೊಡಗಿದೆ. ಹಾಡಿದ್ದೆಲ್ಲ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಸ್ವರ ಇಳಿದರೆ ಗೆರೆಯೂ ಇಳಿಯುತ್ತದೆ. ಗೆರೆಯನ್ನು ಮೌಸ್‌ನಿಂದ ಎತ್ತಿದರೆ ಸ್ವರವೂ ಎದ್ದು ಕೂರುತ್ತದೆ. ಆಗಿನ ನನ್ನ ಜಂಬ ನೀವು ನೋಡಬೇಕಿತ್ತು.

ಜಯನಗರದ ನಮ್ಮ ಚಿಕ್ಕಪ್ಪನಿಗೆ ಅರವತ್ತರ ಶಾಂತಿ ಬಂತು. ಬಂದವರಿಗೆ ತಾಂಬೂಲದ ಜೊತೆ ತಾವು ಹಾಡಿದ ದೇವರನಾಮದ ಸಿ.ಡಿ. ಕೊಡಬೇಕೆಂದು ಚಿಕ್ಕಮ್ಮನ ಆಸೆ. ನನ್ನ ಕೋಣೆಗೆ ಬಂದು ಹಾಡಿಯೂ ಹೋದರು. ಕಂಠ ಚೆನ್ನಾಗಿದೆ, ಮೇಲಿನ ಷಡ್ಜಕ್ಕೆ ಹತ್ತುವಾಗ ಮಾತ್ರ ಜಾರುತ್ತಾರೆ. ಮದುವೆಯಾದಾಗಿನಿಂದ ಆ ಜಾಗ ಬಂದಾಗಲೆಲ್ಲ ಚಿಕ್ಕಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ನೆಂಟರೆದುರು ಚಿಕ್ಕಮ್ಮನ ಮರ್ಯಾದೆ ಈಗ ನನ್ನ ಕೈಯಲ್ಲಿತ್ತು.

ನಮ್ಮ ಸಂಗೀತದಲ್ಲಿ ಸ್ವರ ಓಲಾಡಬೇಕು, ಅದೇ ಗಮಕ ಎನ್ನುತ್ತಾರೆ ಬಲ್ಲವರು. ಓಲಾಟ ಮುಗಿದು ಜಾರಾಟ ಶುರುವಾಗುವುದೆಲ್ಲಿ ಎಂದು ಮೌಸ್‌ಗೇನು ಗೊತ್ತು? ಎಲ್ಲವನ್ನೂ ನೇರ್ಪು ಮಾಡಿ, ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿ, ಚಿಕ್ಕಪ್ಪನನ್ನು ಕರೆಸಿ ಕೇಳಿಸಿದೆ. ಅವರ ಮುಖ ಪೆಚ್ಚಾಯಿತು.

"ಯಾರೋ ಇವಳು?"

"ಚಿಕ್ಕಮ್ಮಾನೇ. ಶ್ರುತಿ ಸರಿ ಮಾಡಿದೀನಿ."

"ಅವಳು ಅಲ್ಲಿ ಜಾರ್ತಾಳೆ ಕಣೋ. ಅದೆಲ್ಲಿ ಹೋಯ್ತು? ನನ್ನ ಶಾಂತಿಗೆ ಬೇರೆ ಯಾರೋ ಹೆಂಗಸು ಯಾಕೆ ಹಾಡ್ಬೇಕು?"

ಹಳೆಯ ಗೆರೆ ಅಳಿಸಿಹೋಗಿತ್ತು. ಮತ್ತೆ ಹಾಡಿಸೋಣವೆಂದರೆ, ಮನೆಮನೆಗೆ ಹೋಗಿ ಕರೆದೂ ಕರೆದೂ ಚಿಕ್ಕಮ್ಮನ ಗಂಟಲು ಕಟ್ಟಿತ್ತು. ಕೊನೆಗೆ ಅಪಸ್ವರವನ್ನು ನಾನೇ ಕೈಯಾರೆ ಬರೆಯಬೇಕಾಯಿತು. ಬೆನ್ನ ಹಿಂದೆ ನಿಂತ ಚಿಕ್ಕಪ್ಪನೇ ಮೇಷ್ಟ್ರು.

"ಇನ್ನೂ ಒಂಚೂರು ಕೆಳಗೆ. ಹಾಂ, ಈಗ ಮೆಲ್ಲಗೆ ಎತ್ತು. ಅಲ್ಲಿ ಉಸಿರು ಹಿಡೀತಾಳೆ, ಆತುರ ಪಡ್ಬೇಡ."

ಪೇಪರಿನ ಹಿಂದೆ ಕೂತು ಇವರು ಇಷ್ಟು ವರ್ಷ ಓದಿದ್ದು ಇದನ್ನೇ! ನಗು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನನ್ನ ಅಪಸ್ವರವನ್ನು ಯಾರೂ ಹೀಗೆ ಬಾಯಿಪಾಠ ಮಾಡಿಕೊಂಡಿಲ್ಲ.

ಶಾಂತಿಯ ದಿನ ಊಟದ ಹೊತ್ತಿಗೆ ಸಿ.ಡಿ. ಹಾಕಿದರು. ಆ ಜಾಗ ಬಂತು, ಷಡ್ಜ ಜಾರಿತು, ಚಿಕ್ಕಪ್ಪನ ಮುಖ ಅರಳಿತು. ಚಿಕ್ಕಮ್ಮ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಗದರಿದರು.

"ನಾನು ಸರಿಯಾಗೇ ಹಾಡಿದ್ದೆ ಕಣೋ. ಅಲ್ಲಿ ನಿನ್ನ ಕಂಪ್ಯೂಟರ್ರೇ ಏನೋ ಎಡವಟ್ಟು ಮಾಡಿದೆ."

ಅದು ಕಿವಿಗೆ ಬಿದ್ದು ಚಿಕ್ಕಪ್ಪ ಅವಸರವಾಗಿ ಪೇಪರಿಗಾಗಿ ಹುಡುಕಾಡಿದರು. ನಾನು ತಪ್ಪೊಪ್ಪಿಕೊಂಡು ತಲೆಯಾಡಿಸಿದೆ. ಚಿಕ್ಕಮ್ಮ ಹೇಳಿದ್ದು ಸುಳ್ಳೇನೂ ಅಲ್ಲವಲ್ಲ. ಅವತ್ತು ಅಲ್ಲಿ ಜಾರಿದ್ದು ಅವರಲ್ಲ, ನಾವಿಬ್ಬರು.