ಶಾರ್ಲೆಟ್ ದಾರಿಯಲ್ಲಿ ಆಸ್ಟ್ರೇಲಿಯಾ

ಮಗಳ ಮನೆಯಿರುವ ರಾಕ್‌ವಿಲ್‌ನಿಂದ ಹೊರಟಾಗ ಬೆಳಿಗ್ಗೆ ಏಳು ಗಂಟೆ. ಏಪ್ರಿಲ್ ತಿಂಗಳಾದರೂ ಸ್ವೆಟರ್ ಬೇಕಾಗುವಷ್ಟು ಚಳಿ. ನಾನು ಮತ್ತು ನನ್ನ ಮಗಳ ಮಗಳು ಇಳಾ, ಇಬ್ಬರೇ. ನಾರ್ತ್ ಕೆರೊಲಿನಾದ ಶಾರ್ಲೆಟ್ ಊರಿಗೆ ಸುಮಾರು ನಾನೂರು ಮೈಲಿ, ಏಳು ತಾಸಿನ ದಾರಿ. "ಅಜ್ಜಿ, ನೀನೇ ನನ್ ಜೊತೆ ಬಾ" ಅಂತ ಅವಳೇ ಕರೆದಳು. ಅಪ್ಪನನ್ನಲ್ಲ, ಅಮ್ಮನನ್ನಲ್ಲ, ನಾಲ್ಕನೇ ಕ್ಲಾಸು ಓದಿದ ನನ್ನನ್ನು. ಆ ಖುಷಿಗೆ ಹಿಂದಿನ ದಿನವೆಲ್ಲ ಊಟವೇ ಸೇರಿರಲಿಲ್ಲ.

ಹೋಗುತ್ತಿದ್ದುದು ಅವಳ ಪರೀಕ್ಷೆಗೆ. ಅದು ಎಂಥ ಪರೀಕ್ಷೆ ಅನ್ನುವುದು ಹೊರಡುವ ತನಕ ನನಗೆ ಅರ್ಥವಾಗಿರಲಿಲ್ಲ, ಬಂದ ಮೇಲೂ ಪೂರ್ತಿ ಆಗಿಲ್ಲ. ಇಳಾ ವೈನ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಾಟಲಿ ತೋರಿಸದೆ ಆರು ಗ್ಲಾಸು ಮುಂದಿಡುತ್ತಾರಂತೆ. ಮೂಸಿ, ಬಾಯಲ್ಲಿಟ್ಟು, ಇದು ಯಾವ ದೇಶದ ಯಾವ ಸೀಮೆಯ ದ್ರಾಕ್ಷಿ ಅಂತ ಬರೆಯಬೇಕಂತೆ. ಹೋದ ಸಲ ಆಸ್ಟ್ರೇಲಿಯಾದ ವೈನನ್ನು ಬೇರೆ ದೇಶದ್ದು ಅಂತ ಬರೆದು ಫೇಲಾದಳು. ಈ ಸಲವೂ ಫೇಲಾದರೆ ಅಂಗಡಿ ಬಿಟ್ಟು, ಅಪ್ಪ ಹೇಳಿದ ಫಾರ್ಮಸಿ ಓದುತ್ತೇನೆ ಅಂತ ಮಾತು ಕೊಟ್ಟಿದ್ದಳು.

"ಅಷ್ಟು ಕುಡಿದರೆ ತಲೆ ತಿರುಗಲ್ವೇನೆ?" ಅಂದೆ.

"ಕುಡಿಯಲ್ಲ ಅಜ್ಜಿ. ಸ್ಪಿಟ್ ಮಾಡ್ತೀನಿ."

"ಉಗಿಯೋದಕ್ಕೆ ನಾನೂರು ಮೈಲಿ ಹೋಗ್ಬೇಕಾ?"

"ಯೆಸ್ ಅಜ್ಜಿ. ಅಂಡ್ ಫೀಸ್ ಕೂಡ ಕೊಡ್ಬೇಕು."

ವಾಸನೆಗಳಿಂದ ಅವಳ ಮೂಗು ಕೆಡುತ್ತದೆ ಅಂತ ನನಗೆ ಮೊದಲೇ ಕಟ್ಟುನಿಟ್ಟು ಮಾಡಿದ್ದಳು. ತಲೆಗೆ ಕೊಬ್ಬರಿ ಎಣ್ಣೆ ಬೇಡ, ಊದುಬತ್ತಿ ಬೇಡ, ಇಂಗಿನ ಒಗ್ಗರಣೆ ಬೇಡ. ಹಾಗಾಗಿ ದಾರಿಗೆ ಕಟ್ಟಿದ್ದು ಬರೀ ಚಪಾತಿ ಮತ್ತು ಸಪ್ಪೆ ಆಲೂಗಡ್ಡೆ ಪಲ್ಯ. ರಿಚ್ಮಂಡ್ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಅದನ್ನೇ ತಿಂದೆವು. ಬಿಸಿಲು ಏರಿತ್ತು, ಸ್ವೆಟರ್ ಬಿಚ್ಚಿದೆ.

ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಅವಳು ಆಸ್ಟ್ರೇಲಿಯಾ ಪಾಠ ಒಪ್ಪಿಸುತ್ತಿದ್ದಳು. ಬರೋಸಾ ಅನ್ನುವ ಕಡೆ ಬಿಸಿಲು ಜಾಸ್ತಿ, ಹಣ್ಣು ಚೆನ್ನಾಗಿ ಮಾಗುತ್ತದೆ, ವೈನು ಜಾಮಿನ ಹಾಗೆ ಮಂದ. ಪಕ್ಕದಲ್ಲೇ ಈಡನ್ ಅನ್ನುವ ಬೆಟ್ಟದ ಸೀಮೆ, ಅಲ್ಲಿ ರಾತ್ರಿ ಚಳಿ, ಬಿಳಿ ದ್ರಾಕ್ಷಿಗೆ ನಿಂಬೆಹಣ್ಣಿನ ಹುಳಿ. ಅಕ್ಕಪಕ್ಕದ ಊರಲ್ಲಿ ಇಷ್ಟು ವ್ಯತ್ಯಾಸ ಹೇಗೆ ಅಂತ ನಾನು ಯೋಚಿಸುವಷ್ಟರಲ್ಲಿ ಅವಳು ಕೂನವಾರಾಕ್ಕೆ ಹೋಗಿಬಿಟ್ಟಿದ್ದಳು. ಅಲ್ಲಿ ಕೆಂಪು ಮಣ್ಣಂತೆ, ಸಮುದ್ರದ ಕಡೆಯಿಂದ ತಂಪು ಗಾಳಿಯಂತೆ, ಹಣ್ಣು ನಿಧಾನಕ್ಕೆ ಮಾಗುತ್ತದಂತೆ.

ಕೆರೊಲಿನಾ ಬಂದಿತ್ತು. ರಸ್ತೆ ಬದಿಯಲ್ಲಿ ಅಗೆದ ಕಡೆಯೆಲ್ಲ ಮಣ್ಣು ನಮ್ಮ ಚಿಂತಾಮಣಿ ಕಡೆಯ ಹಾಗೆ ಕೆಂಪಗಿತ್ತು.

"ಇದೇನಾ ಆ ಮಣ್ಣು?"

"ನೋ ಅಜ್ಜಿ, ಇದು ಜಿಗಟು. ನೀರು ನಿಲ್ಲುತ್ತೆ. ಅಲ್ಲಿ ಕೆಳಗೆ ಸುಣ್ಣದ ಕಲ್ಲು, ನೀರು ಇಳಿದು ಹೋಗುತ್ತೆ."

ಆಮೇಲೆ ಒಂದು ಮಾತು ಹೇಳಿದಳು, ಅದಂತೂ ನಂಬುವುದಕ್ಕೇ ಆಗಲಿಲ್ಲ. ಅಲ್ಲಿ ಕೆಲವು ತೋಟದ ಪಕ್ಕ ನೀಲಗಿರಿ ಮರಗಳಿರುತ್ತವಂತೆ. ಅದರ ಎಲೆಯ ಎಣ್ಣೆ ಗಾಳಿಯಲ್ಲಿ ಬಂದು ದ್ರಾಕ್ಷಿಯ ಮೇಲೆ ಕೂರುತ್ತದೆ, ವೈನಿಗೂ ಅದೇ ವಾಸನೆ.

"ಸುಮ್ನಿರೇ. ಮರ ಎಲ್ಲೋ, ಹಣ್ಣು ಎಲ್ಲೋ. ವಾಸನೆ ಹಾರಿ ಬಂದು ಅಂಟಿಕೊಳ್ಳುತ್ತಾ?"

"ಅಂಟಿಕೊಳ್ಳುತ್ತೆ ಅಜ್ಜಿ. ಅದು ಸಿಕ್ಕಿದ್ರೆ ಆಸ್ಟ್ರೇಲಿಯಾ ಅಂತ ಬರೀಬಹುದು."

ಶಾರ್ಲೆಟ್‌ನಲ್ಲಿ ಮೋಟೆಲು ಚೊಕ್ಕಟವಾಗಿತ್ತು. ಹೊರಗೆ ಮಾತ್ರ ಕಾರಿನ ಮೇಲೆ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಅರಿಶಿನ ಚೆಲ್ಲಿದ ಹಾಗೆ ಹೂವಿನ ಪುಡಿ. ಬೆಳಿಗ್ಗೆ ಎದ್ದರೆ ನನ್ನ ಮೂಗು ಪೂರಾ ಕಟ್ಟಿತ್ತು. ಇಳಾ ಸ್ನಾನಕ್ಕೆ ಹೋದಾಗ ಊರಿಂದ ತಂದ ನೀಲಗಿರಿ ಎಣ್ಣೆಯ ಪುಟ್ಟ ಶೀಶೆ ತೆಗೆದು ಅಂಗೈಗೆ ಸುರಿದುಕೊಂಡು ಮೂಗಿಗೂ ಎದೆಗೂ ಉಜ್ಜಿಕೊಂಡೆ. ಅದು ಔಷಧಿ. ಔಷಧಿಯೂ ವಾಸನೆಯ ಲೆಕ್ಕಕ್ಕೆ ಬರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಅವಳು ಕಪ್ಪು ಕೋಟು ತೊಟ್ಟು ಈಚೆ ಬಂದಳು. ಅಷ್ಟು ಲಕ್ಷಣವಾಗಿ ಕಂಡಳು, ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಅವಳ ಮುಖ ಸವರಿ, ನನ್ನ ಹಣೆಗೆ ಒತ್ತಿಕೊಂಡು ಲಟಿಕೆ ಮುರಿದು ದೃಷ್ಟಿ ತೆಗೆದೆ.

ಇಳಾ ಅಲ್ಲೇ ನಿಂತುಬಿಟ್ಟಳು. "ಅಜ್ಜಿ. ಏನದು ನಿನ್ ಕೈಲಿ?"

ಮೂರು ಸಲ ಮುಖ ತೊಳೆದಳು. ವಾಸನೆ ಹೋಗಲಿಲ್ಲ. ಕಾರಿನಲ್ಲಿ ಕಿಟಕಿ ಪೂರ್ತಿ ಇಳಿಸಿಕೊಂಡು, ಮುಖ ಗಾಳಿಗೆ ಒಡ್ಡಿಕೊಂಡೇ ಹೋದಳು. ಪರೀಕ್ಷೆ ಒಂದು ದೊಡ್ಡ ಹೋಟೆಲಿನ ಹಾಲ್‌ನಲ್ಲಿ. ಬಾಗಿಲು ಮುಚ್ಚಿಕೊಂಡಿತು. ನಾನು ಹೊರಗೆ ಬೆಂಚಿನ ಮೇಲೆ, ಕೈ ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಮಗು ಫಾರ್ಮಸಿ ಓದಬೇಕಾದರೆ ಅದು ನನ್ನಿಂದಲೇ ಅಂತ ಮತ್ತೆ ಮತ್ತೆ ಅನ್ನಿಸುತ್ತಿತ್ತು.

ತುಂಬಾ ಹೊತ್ತಿನ ಮೇಲೆ ಬಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಮೂರನೇ ಗ್ಲಾಸಲ್ಲಿ ನೀಲಗಿರಿ ಬಂತು ಅಜ್ಜಿ. ಇದು ಆಸ್ಟ್ರೇಲಿಯಾನಾ, ನಮ್ಮಜ್ಜಿನಾ ಅಂತ ಫುಲ್ ಕನ್ಫ್ಯೂಸ್."

"ಆಮೇಲೆ?"

"ಮತ್ತೆ ಎಲ್ಲಾ ಗ್ಲಾಸ್ ಸ್ಮೆಲ್ ಮಾಡಿದೆ. ನೀನಾಗಿದ್ರೆ ಆರರಲ್ಲೂ ಇರ್ಬೇಕಲ್ವಾ? ಅದೊಂದರಲ್ಲೇ ಜಾಸ್ತಿ. ಕೂನವಾರಾ ಅಂತ ಬರೆದೆ. ಈಗ ಬಾಟಲಿ ತೋರಿಸಿದ್ರು. ಕರೆಕ್ಟ್. ಪಾಸ್ ಅಜ್ಜಿ."

ನನಗೆ ಕಣ್ಣಲ್ಲಿ ನೀರು ಬಂತು. ಅಪ್ಪಿಕೊಳ್ಳಲು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡೆ. ಅವಳೇ ಬಂದು ಅಪ್ಪಿಕೊಂಡಳು. ಆಮೇಲೆ ಒಳಗೆ ಕರೆದುಕೊಂಡು ಹೋಗಿ, ಆ ಗ್ಲಾಸಿನಲ್ಲಿ ಉಳಿದಿದ್ದನ್ನು ನನ್ನ ಕೈಗೆ ಕೊಟ್ಟಳು. ನಾನು ಕುಡಿಯಲಿಲ್ಲ. ಮೂಸಿ ನೋಡಿದೆ, ಅಷ್ಟೇ.

ವಾಪಸ್ಸು ಬರುವಾಗ ಕಾರಿನೊಳಗೇ ಅಳಿಯಂದಿರ ಫೋನು ಬಂತು. ಪಾಸಾಗಿದ್ದನ್ನೂ ನನಗೆ ಆ ಗ್ಲಾಸು ಮೂಸಿಸಿದ್ದನ್ನೂ ಇಳಾ ಹೇಳಿದಳು. ಅವರು, "ಆಯ್ತು ಬಿಡು ಪುಟ್ಟ, ಫಾರ್ಮಸಿ ಮಾತು ಇನ್ನು ಎತ್ತಲ್ಲ" ಅಂದರು. "ಅತ್ತೆ, ನಿಮಗೂ ಆಸ್ಟ್ರೇಲಿಯಾ ಗೊತ್ತಾಯ್ತಾ?"

"ನೀಲಗಿರಿ ಘಮ್ಮಂತ ಬಂತಪ್ಪ" ಅಂದೆ. "ಗ್ಲಾಸಿಂದೋ ನನ್ನ ಕೈಯಿಂದೋ ಮಾತ್ರ ಗೊತ್ತಾಗಲಿಲ್ಲ."

ಇಳಾ ಸ್ಟೀರಿಂಗ್ ಹಿಡಿದೇ ನಕ್ಕಳು. ಕಿಟಕಿಯಾಚೆ ಕೆಂಪು ಮಣ್ಣು ಹಿಂದಕ್ಕೆ ಓಡುತ್ತಿತ್ತು. ನಾನು ಇನ್ನೊಂದು ಸಲ ಅಂಗೈ ಮೂಸಿ ನೋಡಿಕೊಂಡೆ.