ಅರ್ಧ ಮೋಲ್ ಉಪ್ಪು

ತೊಂಬತ್ತರ ದಶಕದ ಕೊನೆ. ಪಿಯುಸಿ ಸೈನ್ಸಿಗೆಂದು ದೇವಣಗಾಂವದಿಂದ ಸಿಂದಗಿಗೆ ದಿನಾ ಬಸ್ಸಿನಲ್ಲಿ ಹೋಗತೊಡಗಿದಾಗ ನನ್ನನ್ನು ಮೊದಲು ಕಂಗೆಡಿಸಿದ್ದು ಇಂಗ್ಲಿಷಲ್ಲ, ಕೆಮಿಸ್ಟ್ರಿಯ ಮೋಲ್ ಎಂಬ ಅಳತೆ. ನೀರಿನ ಒಂದು ಮೋಲ್ ಹದಿನೆಂಟು ಗ್ರಾಂ, ಉಪ್ಪಿನ ಒಂದು ಮೋಲ್ ಐವತ್ತೆಂಟೂವರೆ ಗ್ರಾಂ. ಎರಡೂ ಒಂದೊಂದೇ ಮೋಲ್ ಅಂದಮೇಲೆ ತೂಕ ಬೇರೆ ಹೇಗೆ? ತಲೆಬುಡ ತಿಳಿಯಲಿಲ್ಲ. ಒಂದು ದಿನ ಎದ್ದು ನಿಂತು ಕೇಳಿಯೇಬಿಟ್ಟೆ.

"ಸರ್, ಒಂದ್ ಮೋಲ್ ಅಂದ್ರ ಎಷ್ಟ್ ಗ್ರಾಂರಿ?"

"ಯಾವುದರ ಮೋಲಮ್ಮಾ?" ಅಂದರು ಮೈಸೂರು ಕಡೆಯವರಾದ ಕೆಮಿಸ್ಟ್ರಿ ಸರ್.

"ಯಾವುದರದೂ ಅಲ್ರಿ. ಬರೇ ಮೋಲ್."

ಇಡೀ ಕ್ಲಾಸು ನಕ್ಕಿತು. ನಕ್ಕವರಿಗೇನು ತಿಳಿದಿತ್ತೋ ದೇವರೇ ಬಲ್ಲ.

ನನಗೆ ನಗು ಬರಲಿಲ್ಲ. ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಫೇಲಾದರೆ ಆರ್ಟ್ಸಿಗೆ ಹಾಕುತ್ತೇನೆಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ತಿಳಿಯದಿದ್ದರೂ ಸೂತ್ರ ಬಾಯಿಪಾಠ ಮಾಡಿದೆ. ಸೋಡಿಯಂ ಇಪ್ಪತ್ತಮೂರು, ಕ್ಲೋರಿನ್ ಮೂವತ್ತೈದೂವರೆ, ಕೂಡಿಸು, ಮೋಲಿನಿಂದ ಗುಣಿಸು.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ನನಗೆ ಬಂದದ್ದು ಅರ್ಧ ಮೋಲ್ ಉಪ್ಪು. ಎಷ್ಟು ಗ್ರಾಂ ಎಂದು ಲೆಕ್ಕ ಹಾಕಬೇಕು, ಅಷ್ಟನ್ನು ತೂಗಿ ತೋರಿಸಬೇಕು. ಇಪ್ಪತ್ತೊಂಬತ್ತೂಕಾಲು ಗ್ರಾಂ ಎಂದು ಬರೆದೆ. ಸರಿಯಿತ್ತು! ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಉಪ್ಪು ಹಾಕಿದೆ. ಮುಳ್ಳು ನಟ್ಟನಡುವೆ ನಿಂತಿತು.

ಅದೇ ನನಗೆ ಸರಿಕಾಣಲಿಲ್ಲ. ನಮ್ಮದು ಕಿರಾಣಿ ಅಂಗಡಿ. ತಕ್ಕಡಿ ಸಮ ನಿಂತಾಗ ಪೊಟ್ಟಣ ಕಟ್ಟಿದರೆ ಅಪ್ಪ ಎಲ್ಲರೆದುರೇ ಬೈಯುತ್ತಿದ್ದರು. ಮಾಲಿನ ತಟ್ಟೆ ತುಸು ಕೆಳಗೆ ಜಗ್ಗಬೇಕು, ಇಲ್ಲದಿದ್ದರೆ ಜಿಪುಣರೆಂದು ಹೆಸರು ಬರುತ್ತದೆ. ಕೈ ತಾನಾಗಿ ಹೋಯಿತು. ಒಂದು ಚಿಟಿಕೆ ಉಪ್ಪು ಮೇಲೆ ಹಾಕಿದೆ.

ಸರ್ ಬಂದು ಬಗ್ಗಿ ನೋಡಿದರು. "ಮುಳ್ಳು ಯಾಕಮ್ಮಾ ವಾಲಿದೆ?"

"ಕೊಸರು ಹಾಕೇನ್ರಿ ಸರ್."

"ಯಾರಿಗೆ?"

ಗಿರಾಕಿ ಯಾರೂ ಇರಲಿಲ್ಲ. ಸರ್ ತೂಕಕ್ಕೆ ಸೊನ್ನೆ ಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಲ್ಲೇ ಮಾರ್ಕು ಕೂಡಿಸಿದಾಗ ಎರಡು ಮಾರ್ಕಿಗೆ ಫೇಲಾಗಿದ್ದೆ.

ಸಂಜೆ ಅಂಗಡಿಗೆ ಹೋಗಿ, ಬೈಸಿಕೊಳ್ಳಲು ತಯಾರಾಗಿಯೇ ನಿಂತು, ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದೆ. ಕಣ್ಣೀರು ತಡೆಯಲಾಗಲಿಲ್ಲ. ಅಪ್ಪ ಸಕ್ಕರೆ ತೂಗುವುದನ್ನು ನಿಲ್ಲಿಸಿದರು.

"ಲೆಕ್ಕ ಬರೋಬರಿ ಇತ್ತೇನು?"

"ಹೂಂನಪಾ."

"ಕೊಸರು ಹಾಕಿದ್ದಕ್ಕ ಫೇಲ್ ಮಾಡಿದ್ರು?"

"ಹೂಂ."

ಅಪ್ಪನಿಗೂ ಅದು ಅರ್ಥವಾಗಲಿಲ್ಲ. ತಕ್ಕಡಿಯತ್ತ ಒಮ್ಮೆ ನೋಡಿದರು. ಆಮೇಲೆ ನನ್ನ ಮುಖ ನೋಡದೆ ಅಂದರು: "ಕೊಸರು ಹಾಕೂದು ಕಲಿಸಿದಾಂವ ನಾನು. ನಿನ್ನ್ಯಾಕ ಆರ್ಟ್ಸಿಗಿ ಹಾಕ್ಲಿ? ಮುಂದಿನ ಪರೀಕ್ಷಾ ಬರಿ, ಹೋಗು."